ಟೆಕ್ ಬ್ಲಾಗರ್ ಮತ್ತು ಕಂಪನಿ ನೌಕರರ ಆನ್‌ಲೈನ್ ಜಗಳ: ಇಬ್ಬರಿಗೂ ಒಂದು ಕೈಪಿಡಿ

ಈ ಜಗಳ ಶುರುವಾಗುವ ರೀತಿ ಹೆಚ್ಚುಕಡಿಮೆ ಒಂದೇ. ಬ್ಲಾಗರ್ ಒಬ್ಬರು "ಈ ಸಾಫ್ಟ್‌ವೇರ್ ಯಾಕಿಷ್ಟು ನಿಧಾನ?" ಎಂದು ಬರೆಯುತ್ತಾರೆ. ಅದನ್ನು ಕಟ್ಟಿದ ತಂಡದ ಎಂಜಿನಿಯರ್ ಅದನ್ನು ಓದುತ್ತಾರೆ. ಮೈ ಉರಿಯುತ್ತದೆ. "ಒಳಗಿನ ಕಷ್ಟ ನಿಮಗೇನು ಗೊತ್ತು?" ಎಂದು ಉತ್ತರ ಕೊಡುತ್ತಾರೆ. ಮೂರನೇ ಮಾತಿಗೆ ಸಾಫ್ಟ್‌ವೇರ್ ಪಕ್ಕಕ್ಕೆ ಸರಿದಿರುತ್ತದೆ. ಯಾರು ಜಾಣರು, ಯಾರಿಗೆ ಸೊಕ್ಕು ಎನ್ನುವುದೇ ಚರ್ಚೆಯಾಗಿರುತ್ತದೆ.

2021ರಲ್ಲಿ ನಡೆದದ್ದನ್ನೇ ನೋಡಿ. ಮೈಕ್ರೋಸಾಫ್ಟಿನ ವಿಂಡೋಸ್ ಟರ್ಮಿನಲ್ (ಕಂಪ್ಯೂಟರಿಗೆ ಆದೇಶಗಳನ್ನು ಟೈಪ್ ಮಾಡಿ ಕೊಡುವ ಕಿಟಕಿ) ಬಣ್ಣಬಣ್ಣದ ಅಕ್ಷರ ತೋರಿಸುವಾಗ ವಿಪರೀತ ನಿಧಾನವಾಗುತ್ತದೆ ಎಂದು ಗೇಮ್ ಪ್ರೋಗ್ರಾಮರ್ ಕೇಸಿ ಮುರಟೋರಿ, ಕೋಡ್ ಹಂಚಿಕೊಳ್ಳುವ ತಾಣ ಗಿಟ್‌ಹಬ್‌ನಲ್ಲಿ ದೂರು ಹಾಕಿದರು. ಸರಿ ಮಾಡುವ ದಾರಿಯನ್ನೂ ಹೇಳಿದರು. ನೀವು ಹೇಳುತ್ತಿರುವುದು ಒಂದು ಪಿಎಚ್‌ಡಿ ಸಂಶೋಧನೆಯಷ್ಟು ದೊಡ್ಡ ಕೆಲಸ ಎನ್ನುವ ಅರ್ಥದ ಉತ್ತರ ತಂಡದವರೊಬ್ಬರಿಂದ ಬಂತು. ಮುರಟೋರಿ ರೆಫ್‌ಟರ್ಮ್ ಎಂಬ ಮಾದರಿ ಟರ್ಮಿನಲ್ ಒಂದನ್ನು ಬೇಗನೆ ಬರೆದು, ಕೋಡ್ ಸಮೇತ ಎಲ್ಲರ ಮುಂದಿಟ್ಟರು. ಅದು ಎಷ್ಟೋ ಪಟ್ಟು ವೇಗವಾಗಿತ್ತು. ಮರುವರ್ಷ ವಿಂಡೋಸ್ ಟರ್ಮಿನಲ್‌ನ ಪ್ರಿವ್ಯೂ ಆವೃತ್ತಿಯಲ್ಲಿ ಹೊಸ ರೆಂಡರಿಂಗ್ ಎಂಜಿನ್ (ಅಕ್ಷರಗಳನ್ನು ಪರದೆಯ ಮೇಲೆ ಬಿಡಿಸುವ ಭಾಗ) ಕಾಣಿಸಿಕೊಂಡಿತು. ರೆಫ್‌ಟರ್ಮ್‌ನಲ್ಲಿದ್ದ, ಒಮ್ಮೆ ಬಿಡಿಸಿದ ಅಕ್ಷರದ ಚಿತ್ರವನ್ನು ಉಳಿಸಿಟ್ಟುಕೊಂಡು ಮತ್ತೆ ಮತ್ತೆ ಬಳಸುವ ಉಪಾಯ ಅದರಲ್ಲೂ ಇತ್ತು.

ಹಾಗಂತ ಎಂಜಿನಿಯರ್ ಹೇಳಿದ್ದು ಪೂರಾ ಸುಳ್ಳೇನಲ್ಲ. ರೆಫ್‌ಟರ್ಮ್ ಬರೀ ಡೆಮೊ. ಲೆಕ್ಕವಿಲ್ಲದಷ್ಟು ಜನರ ಕಂಪ್ಯೂಟರಿನಲ್ಲಿ ಓಡಬೇಕಾದ ಪ್ರಾಡಕ್ಟಿಗೆ ಬೇರೆ ಹತ್ತಾರು ಕಟ್ಟುಪಾಡುಗಳಿರುತ್ತವೆ. ಆದರೆ ಜನ ಇವತ್ತಿಗೂ ನೆನಪಿಟ್ಟುಕೊಂಡಿರುವುದು ಆ ಪಿಎಚ್‌ಡಿ ಮಾತನ್ನು.

ಜಗಳವೇ ಬೇಡ ಎಂದು ನಾನು ಹೇಳುತ್ತಿಲ್ಲ. ಎಷ್ಟೋ ದೋಷಗಳು ಸರಿಯಾಗಿದ್ದೇ ಯಾರೋ ಬಹಿರಂಗವಾಗಿ ಗಲಾಟೆ ಮಾಡಿದ್ದರಿಂದ. ಆದರೆ ಜಗಳ ಪ್ರಾಡಕ್ಟಿನ ಮೇಲೆ ಇರಬೇಕು, ಕೈಗೆ ಸಿಕ್ಕ ನೌಕರರ ಮೇಲಲ್ಲ. ಕೆಳಗಿನ ಹೆಜ್ಜೆಗಳೆಲ್ಲ ಅದಕ್ಕಾಗಿಯೇ. ಕೆಲವು ಬ್ಲಾಗರ್‌ಗಳಿಗೆ, ಕೆಲವು ನೌಕರರಿಗೆ, ಕೆಲವು ಇಬ್ಬರಿಗೂ.

ಹೆಜ್ಜೆ 1: ಎದುರಿಗೆ ಇರುವವರು ಯಾರು ಎಂದು ನೋಡಿಕೊಳ್ಳಿ

ಪ್ರೊಫೈಲಿನಲ್ಲಿ ಕಂಪನಿಯ ಹೆಸರು ಇದ್ದ ಮಾತ್ರಕ್ಕೆ ಅವರು ಕಂಪನಿ ಅಲ್ಲ. ದೊಡ್ಡ ಕಂಪನಿಗಳಲ್ಲಿ ಲಕ್ಷಗಟ್ಟಲೆ ಜನ ಕೆಲಸ ಮಾಡುತ್ತಾರೆ. ನಿಮ್ಮ ಪೋಸ್ಟಿಗೆ ಉತ್ತರ ಕೊಟ್ಟವರು ಆ ಪ್ರಾಡಕ್ಟಿನ ಎಂಜಿನಿಯರ್ ಆಗಿರಬಹುದು, ಪಿಆರ್‌ನವರಾಗಿರಬಹುದು, ಸಂಬಂಧವೇ ಇಲ್ಲದ ಇನ್ನೊಂದು ವಿಭಾಗದವರೂ ಆಗಿರಬಹುದು. ಕೊನೆಯವರ ಜೊತೆ ವಾದ ಮಾಡಿ ಪ್ರಯೋಜನವಿಲ್ಲ, ಬಿಟ್ಟುಬಿಡಿ.

ಎಂಜಿನಿಯರ್ ಜೊತೆ ಮಾತಾಡುವಾಗ ಒಂದು ವಿಷಯ ಗಮನದಲ್ಲಿರಲಿ. ಅವರಿಗೆ ಗೊತ್ತಿರುವುದರಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರಗೆ ಹೇಳುವಂತಿಲ್ಲ. ಇನ್ನೂ ಬಿಡುಗಡೆಯಾಗದ ಆವೃತ್ತಿ, ವಕೀಲರ ಕೈಯಲ್ಲಿರುವ ವಿಷಯ, ಇನ್ನೊಂದು ತಂಡದ ತಪ್ಪು, ಇದ್ಯಾವುದನ್ನೂ ಅವರು ಬಾಯಿ ಬಿಡಲಾರರು. "ಉತ್ತರವೇ ಇಲ್ಲ ನೋಡಿ, ಸಿಕ್ಕಿಬಿದ್ದರು" ಎಂದು ಬರೆಯುವುದು ಸುಲಭ. ಅವರ ಮೌನಕ್ಕೆ ಕಾರಣ ಬೇರೆಯೇ ಇರಬಹುದು.

ಮೇಲಿನ ಅಧಿಕಾರಿಗಳ ಲೆಕ್ಕ ಬೇರೆ. ನಿರ್ಧಾರ ಅವರದು, ಮಾತಿನ ತರಬೇತಿಯೂ ಅವರಿಗೆ ಸಿಕ್ಕಿರುತ್ತದೆ. ಅವರನ್ನು ಹೆಸರು ಹಿಡಿದೇ ಪ್ರಶ್ನಿಸಿ.

ಇನ್ನೊಂದು ಗುಂಪಿದೆ: ತಾವು ಕಂಪನಿಯವರು ಎಂದು ಹೇಳಿಕೊಳ್ಳದೆ ಬರುವವರು. ಅಮೆರಿಕದ ಹೋಲ್ ಫುಡ್ಸ್ ಕಿರಾಣಿ ಸರಣಿಯ ಮುಖ್ಯಸ್ಥರೇ ವರ್ಷಗಟ್ಟಲೆ ಸುಳ್ಳು ಹೆಸರಿನಲ್ಲಿ ಷೇರು ಚರ್ಚೆಗಳಲ್ಲಿ ತಮ್ಮ ಕಂಪನಿಯನ್ನು ಹೊಗಳಿ, ಪ್ರತಿಸ್ಪರ್ಧಿಯನ್ನು ತೆಗಳಿ ಬರೆಯುತ್ತಿದ್ದದ್ದು 2007ರಲ್ಲಿ ಹೊರಬಿತ್ತು. ಎಚ್‌ಟಿಸಿ ಫೋನುಗಳನ್ನು ಆನ್‌ಲೈನಿನಲ್ಲಿ ಹಳಿಯಲು ದುಡ್ಡು ಕೊಟ್ಟು ಜನ ಹಚ್ಚಿದ್ದಕ್ಕೆ 2013ರಲ್ಲಿ ತೈವಾನ್ ಸರ್ಕಾರ ಸ್ಯಾಮ್‌ಸಂಗ್‌ಗೆ 1 ಕೋಟಿ ತೈವಾನ್ ಡಾಲರ್ ದಂಡ ಹಾಕಿತು. ಅನುಮಾನ ಬಂದರೆ "ನೀವು ಆ ಕಂಪನಿಯಲ್ಲಿ ಕೆಲಸ ಮಾಡುತ್ತೀರಾ?" ಎಂದು ನೇರವಾಗಿ ಒಮ್ಮೆ ಕೇಳಿ. ಆದರೆ ಒಪ್ಪದವರನ್ನೆಲ್ಲ ಬಾಡಿಗೆ ಬಾಯಿ ಎನ್ನಬೇಡಿ. ಆ ಪ್ರಾಡಕ್ಟನ್ನು ನಿಜವಾಗಿಯೂ ಇಷ್ಟಪಡುವವರೂ ಇರುತ್ತಾರೆ, ಅಲ್ವಾ?

ಹೆಜ್ಜೆ 2: ಬೇರೆಯವರು ಪರೀಕ್ಷಿಸಿ ನೋಡಬಹುದಾದ ಒಂದು ವಾಕ್ಯ ಬರೆಯಿರಿ

ಇಡೀ ಕೈಪಿಡಿಯಲ್ಲಿ ಇದೇ ಮುಖ್ಯ. ಸ್ವಲ್ಪ ನಿಂತು ನೋಡೋಣ.

1994ರಲ್ಲಿ ಗಣಿತದ ಪ್ರಾಧ್ಯಾಪಕ ಥಾಮಸ್ ನೈಸ್ಲಿ ಅವರಿಗೆ ಇಂಟೆಲ್‌ನ ಪೆಂಟಿಯಂ ಚಿಪ್ ಕೆಲವು ಭಾಗಾಕಾರಗಳನ್ನು ತಪ್ಪಾಗಿ ಮಾಡುವುದು ಗೊತ್ತಾಯಿತು. ಅಕ್ಟೋಬರ್ 24ರಂದು ಇಂಟೆಲ್‌ಗೆ ತಿಳಿಸಿದರು. ಸರಿಯಾದ ಉತ್ತರ ಸಿಗದೆ, 30ರಂದು ಪರಿಚಯದವರಿಗೆ ಇಮೇಲ್ ಕಳಿಸಿದರು. ಅಲ್ಲಿಂದ ಸುದ್ದಿ ಇಂಟರ್ನೆಟ್ ತುಂಬ ಹರಡಿತು. ಸಾಮಾನ್ಯ ಬಳಕೆದಾರನಿಗೆ ಈ ತಪ್ಪು ಎದುರಾಗುವುದು 27,000 ವರ್ಷಕ್ಕೊಮ್ಮೆ ಎಂದು ಇಂಟೆಲ್ ವಾದಿಸಿತು. ಆ ಹೊತ್ತಿಗೆ ಜನರ ಕೈಯಲ್ಲಿ ಒಂದು ಚಿಕ್ಕ ಲೆಕ್ಕ ಇತ್ತು: 4195835ನ್ನು 3145727ರಿಂದ ಭಾಗಿಸಿ. 1.3338 ಬಂದರೆ ಸರಿ. 1.3337 ಬಂದರೆ ನಿಮ್ಮ ಚಿಪ್‌ನಲ್ಲಿ ದೋಷ ಇದೆ. ಪೆಂಟಿಯಂ ಇದ್ದ ಯಾರು ಬೇಕಾದರೂ ಒಂದು ನಿಮಿಷದಲ್ಲಿ ನೋಡಬಹುದಿತ್ತು. ಯಾರನ್ನೂ ನಂಬುವ ಅಗತ್ಯ ಇರಲಿಲ್ಲ. ಡಿಸೆಂಬರ್ 20ರಂದು ಇಂಟೆಲ್ ಕೇಳಿದವರಿಗೆಲ್ಲ ಚಿಪ್ ಬದಲಿಸಿಕೊಡಲು ಒಪ್ಪಿತು. ಅದರ ಖರ್ಚು 47.5 ಕೋಟಿ ಡಾಲರ್.

2017ರ ಐಫೋನ್ ಬ್ಯಾಟರಿ ಕಥೆಯೂ ಇಂಥದ್ದೇ. ಫೋನು, ಕಂಪ್ಯೂಟರುಗಳ ವೇಗ ಅಳೆಯುವ ಗೀಕ್‌ಬೆಂಚ್ ಆ್ಯಪ್‌ನ ಜಾನ್ ಪೂಲ್ ಡಿಸೆಂಬರ್ 18ರಂದು ತಮ್ಮ ಬ್ಲಾಗಿನಲ್ಲಿ ಗ್ರಾಫ್‌ಗಳನ್ನು ಹಾಕಿದರು. ಐಫೋನಿನ ಐಒಎಸ್ ಸಾಫ್ಟ್‌ವೇರಿನ ಆವೃತ್ತಿ ಬದಲಾದಂತೆ ಹಳೆಯ ಫೋನುಗಳ ವೇಗ ಬೀಳುವುದು ಅದರಲ್ಲಿ ಕಾಣುತ್ತಿತ್ತು. ಬ್ಯಾಟರಿ ಹಳತಾದ ಫೋನುಗಳ ವೇಗ ತಗ್ಗಿಸುತ್ತಿದ್ದೇವೆ ಎಂದು ಎರಡು ದಿನಕ್ಕೆ ಆಪಲ್ ಒಪ್ಪಿಕೊಂಡಿತು. ಅದೇ ತಿಂಗಳು ಕ್ಷಮೆ ಕೇಳಿ, ಬ್ಯಾಟರಿ ಬದಲಿಸುವ ದರವನ್ನು 79 ಡಾಲರ್‌ನಿಂದ 29ಕ್ಕೆ ಇಳಿಸಿತು. "ಆಪಲ್ ಹಳೇ ಫೋನುಗಳನ್ನು ಬೇಕಂತಲೇ ಕೊಲ್ಲುತ್ತದೆ" ಎಂಬ ಕೂಗು ಎಷ್ಟೋ ವರ್ಷದಿಂದ ಇತ್ತು, ಅದಕ್ಕೆ ಯಾರೂ ಉತ್ತರ ಕೊಟ್ಟಿರಲಿಲ್ಲ. ಗ್ರಾಫಿಗೆ ಉತ್ತರ ಕೊಡಲೇಬೇಕಾಯಿತು.

ಹಾಗಾಗಿ ಬರೆಯುವ ಮುಂಚೆ ನಿಮ್ಮ ದೂರನ್ನು ಒಂದೇ ವಾಕ್ಯಕ್ಕೆ ಇಳಿಸಿ. ಯಾವ ಆವೃತ್ತಿ, ಯಾವ ಯಂತ್ರ, ಏನು ಮಾಡಿದಿರಿ, ಏನು ಬರಬೇಕಿತ್ತು, ಏನು ಬಂತು. ಅಳತೆ ಮಾಡಿದ ಕೋಡ್ ಅಥವಾ ಫೈಲ್ ಇದ್ದರೆ ಅದನ್ನೂ ಹಾಕಿ. ಆ ವಾಕ್ಯ ಬರೆಯಲು ಆಗುತ್ತಿಲ್ಲ ಎಂದರೆ ನಿಮ್ಮ ಹತ್ತಿರ ಸದ್ಯಕ್ಕೆ ಇರುವುದು ಸಿಟ್ಟು ಮಾತ್ರ. ಸಿಟ್ಟನ್ನೂ ಬರೆಯಬಹುದು, ತಪ್ಪಿಲ್ಲ. ಆದರೆ ಅದನ್ನು ಪುರಾವೆಯಂತೆ ಬರೆಯಬೇಡಿ.

ಕಂಡದ್ದು ಬೇರೆ, ಅದರ ಕಾರಣ ಬೇರೆ. ಇಲ್ಲಿ ಜಾಣರೂ ಎಡವುತ್ತಾರೆ. 2019ರಲ್ಲಿ ಪ್ರೋಗ್ರಾಮರ್ ಡೇವಿಡ್ ಹೈನಮೈಯರ್ ಹ್ಯಾನ್ಸನ್, ಆಪಲ್ ಕಾರ್ಡ್ ಎಂಬ ಕ್ರೆಡಿಟ್ ಕಾರ್ಡ್ ತಮಗೆ ಹೆಂಡತಿಗಿಂತ 20 ಪಟ್ಟು ಜಾಸ್ತಿ ಸಾಲದ ಮಿತಿ ಕೊಟ್ಟಿದೆ ಎಂದು ಸಿಟ್ಟಿನಿಂದ ಟ್ವೀಟ್ ಮಾಡಿದರು. ಕಂಡದ್ದು ಅದು. ಅಲ್ಗಾರಿದಮ್ ಹೆಂಗಸರ ವಿರುದ್ಧ ತಾರತಮ್ಯ ಮಾಡುತ್ತಿದೆ ಎನ್ನುವುದು ಅವರು ಹೇಳಿದ ಕಾರಣ. ನ್ಯೂಯಾರ್ಕ್ ರಾಜ್ಯದ ಹಣಕಾಸು ಇಲಾಖೆ ತನಿಖೆ ಮಾಡಿ, ಕಾನೂನುಬಾಹಿರ ತಾರತಮ್ಯ ಸಿಗಲಿಲ್ಲ ಎಂದು 2021ರ ಮಾರ್ಚಿನಲ್ಲಿ ಹೇಳಿತು. ಗ್ರಾಹಕ ಸೇವೆಯಲ್ಲಿ, ನಿರ್ಧಾರಗಳನ್ನು ವಿವರಿಸುವುದರಲ್ಲಿ ಕೊರತೆ ಇತ್ತು ಎಂದೂ ಹೇಳಿತು. "ಯಾಕೆ ಹೀಗಾಯಿತು ಎಂದು ಯಾರೂ ನನಗೆ ವಿವರಿಸುತ್ತಿಲ್ಲ" ಎಂಬಷ್ಟಕ್ಕೆ ದೂರು ನಿಂತಿದ್ದರೆ ಅದು ಪೂರ್ತಿ ಗಟ್ಟಿಯಾಗಿ ಉಳಿಯುತ್ತಿತ್ತು.

ಹೆಜ್ಜೆ 3: ಪೋಸ್ಟ್ ಹಾಕುವ ಮೊದಲು ಕಂಪನಿಗೆ ಕೇಳಿ

ಬಟನ್ ನಿಧಾನ, ಡಿಸೈನ್ ಚೆನ್ನಾಗಿಲ್ಲ ಎನ್ನುವುದಕ್ಕೆಲ್ಲ ಯಾರ ಅನುಮತಿಯೂ ಬೇಡ. ಆದರೆ ಆರೋಪ ಗಂಭೀರವಾಗಿದ್ದರೆ ಪ್ರಶ್ನೆಗಳನ್ನು ಬರೆದು ಕಳಿಸಿ, ಉತ್ತರಕ್ಕೆ ದಿನಾಂಕ ಹೇಳಿ. ಉತ್ತರ ಬಂದರೆ ಹಾಕಿ, ಬರದಿದ್ದರೆ "ಈ ದಿನ ಕೇಳಿದ್ದೆ, ಉತ್ತರ ಬರಲಿಲ್ಲ" ಎಂದು ಬರೆಯಿರಿ.

ಭದ್ರತಾ ದೋಷವಾದರೆ ಕಾಯಲೇಬೇಕು. ಇಲ್ಲಿ ಕಂಪನಿ ಕಂಪನಿಗಳೇ ಕಿತ್ತಾಡಿವೆ. ಗೂಗಲ್‌ನ ಪ್ರಾಜೆಕ್ಟ್ ಝೀರೋ ತಂಡ ದೋಷ ತಿಳಿಸಿ 90 ದಿನ ಕಾಯುತ್ತದೆ, ಆಮೇಲೆ ಬಹಿರಂಗ ಮಾಡುತ್ತದೆ. 2015ರ ಜನವರಿಯಲ್ಲಿ ವಿಂಡೋಸ್‌ನ ಒಂದು ದೋಷದ ಗಡುವು ಮುಗಿಯಿತು. ರಿಪೇರಿ ಬರಲು ಎರಡೇ ದಿನ ಬಾಕಿ ಇತ್ತು. ಮೈಕ್ರೋಸಾಫ್ಟ್ ತಡೆಯಿರಿ ಎಂದು ಕೇಳಿಕೊಂಡರೂ ಗೂಗಲ್ ಪ್ರಕಟಿಸಿತು. ಮೈಕ್ರೋಸಾಫ್ಟಿನ ಅಧಿಕಾರಿಯೊಬ್ಬರು ಬಹಿರಂಗವಾಗಿಯೇ ತರಾಟೆಗೆ ತೆಗೆದುಕೊಂಡರು. ಮುಂದಿನ ತಿಂಗಳು ಗೂಗಲ್ ತನ್ನ ನಿಯಮಕ್ಕೆ ಒಂದು ಸಡಿಲಿಕೆ ಸೇರಿಸಿತು: ರಿಪೇರಿಯ ದಿನಾಂಕ ಗೊತ್ತಾಗಿದ್ದರೆ ಇನ್ನೂ 14 ದಿನ ಕಾಯುವುದು. ನೀವೂ ಗಡುವನ್ನು ಮೊದಲೇ ಬರೆದು ತಿಳಿಸಿ, ಎರಡು ದಿನಕ್ಕೆಲ್ಲ ಹಟ ಹಿಡಿಯಬೇಡಿ.

ಹೆಜ್ಜೆ 4: ನೌಕರರ ಹೆಸರು, ನಿಮ್ಮ ಓದುಗರು

ಒಬ್ಬ ಎಂಜಿನಿಯರಿಗೆ ಇನ್ನೂರು ಫಾಲೋವರ್ಸ್, ನಿಮಗೆ ಎರಡು ಲಕ್ಷ ಇದ್ದರೆ ನೀವು ಬಡಪಾಯಿ ಬ್ಲಾಗರ್ ಅಲ್ಲ. ಕಂಪನಿ ದೊಡ್ಡದಿರಬಹುದು, ಆದರೆ ಆ ಜಗಳದಲ್ಲಿ ದೊಡ್ಡವರು ನೀವೇ. ಅವರ ಮಾತನ್ನು ಹೆಸರು, ಫೋಟೊ ಸಮೇತ ಸ್ಕ್ರೀನ್‌ಶಾಟ್ ಹಾಕಿ "ನೋಡಿ ಇವರ ಉತ್ತರ" ಎಂದರೆ ಓದುಗರು ಏನು ಮಾಡುತ್ತಾರೆ ಎಂದು ನಿಮಗೆ ಚೆನ್ನಾಗಿ ಗೊತ್ತು. "ತಂಡದ ಒಬ್ಬರು ಹೀಗೆ ಹೇಳಿದರು" ಎಂದರೆ ಸಾಕು.

2018ರ ಜುಲೈನಲ್ಲಿ ಗಿಲ್ಡ್ ವಾರ್ಸ್ 2 ಗೇಮ್ ಮಾಡುವ ಅರೀನಾನೆಟ್‌ನ ಬರಹಗಾರ್ತಿಯೊಬ್ಬರು ತಮ್ಮ ಕೆಲಸದ ಬಗ್ಗೆ ಟ್ವೀಟ್ ಮಾಡಿದರು. ಗೇಮ್ ಆಡುವುದನ್ನು ಲೈವ್ ಆಗಿ ತೋರಿಸುವ ಒಬ್ಬ ಸ್ಟ್ರೀಮರ್ ಮೆತ್ತಗೆಯೇ ಬೇರೆ ಅಭಿಪ್ರಾಯ ಹೇಳಿದರು. ಬರಹಗಾರ್ತಿ ಖಾರವಾಗಿ ಉತ್ತರಿಸಿದರು, ಸಹೋದ್ಯೋಗಿಯೊಬ್ಬರು ಆಕೆಯ ಪರ ನಿಂತರು. ಗೇಮ್ ಆಡುವವರ ಗಲಾಟೆ ಜೋರಾಯಿತು. ಕೆಲವೇ ದಿನಗಳಲ್ಲಿ ಕಂಪನಿ ಇಬ್ಬರನ್ನೂ ಕೆಲಸದಿಂದ ತೆಗೆಯಿತು. ಉತ್ತರ ಖಾರವಾಗಿತ್ತು, ನಿಜ. ಅಷ್ಟಕ್ಕೆ ಕೆಲಸವೇ ಹೋಗಬೇಕಿತ್ತೇ? ನನಗೆ ಹಾಗನಿಸುವುದಿಲ್ಲ. ಆದರೆ ಬಿಸಿಯೇರಿದಾಗ ಕಂಪನಿಗಳು ನೌಕರರನ್ನು ಕಾಪಾಡುತ್ತವೆ ಎಂಬ ಭರವಸೆಯಲ್ಲಿ ಯಾರೂ ಇರಬೇಡಿ.

ಹೆಜ್ಜೆ 5: ನೀವು ನೌಕರರಾದರೆ, ಉತ್ತರಿಸುವ ಮುಂಚೆ

ಮೊದಲು ಕಂಪನಿಯ ಸೋಷಿಯಲ್ ಮೀಡಿಯಾ ನಿಯಮ ಓದಿ. ಇಂಥ ನಿಯಮಗಳು ಹೊಸದೇನಲ್ಲ. 2004ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್, ಅನುಮತಿ ಕೇಳದೆಯೇ ಬ್ಲಾಗ್ ಬರೆಯಿರಿ ಎಂದು ನೌಕರರಿಗೆ ಹೇಳಿತು, ಜೊತೆಗೆ ಒಂದಿಷ್ಟು ಎಚ್ಚರಿಕೆಗಳನ್ನೂ ಕೊಟ್ಟಿತು. 2005ರಲ್ಲಿ ಐಬಿಎಂ ನೌಕರರು ತಾವೇ ಕೂಡಿ ಬರೆದ ನಿಯಮಗಳಲ್ಲಿ ಕಾಲು ಕೆರೆದು ಜಗಳಕ್ಕೆ ಹೋಗಬೇಡಿ, ನಿಮ್ಮ ತಪ್ಪನ್ನು ನೀವೇ ಮೊದಲು ತಿದ್ದಿ ಎಂಬ ಮಾತುಗಳಿದ್ದವು. ಇಪ್ಪತ್ತು ವರ್ಷವಾದರೂ ಇದಕ್ಕಿಂತ ಒಳ್ಳೆಯ ಸಲಹೆ ನಾನು ಕಂಡಿಲ್ಲ.

ಆಮೇಲೆ ನಿಮ್ಮನ್ನೇ ಕೇಳಿಕೊಳ್ಳಿ: ಇದಕ್ಕೆ ಉತ್ತರ ಕೊಡಬೇಕಾದವನು ನಾನೇನಾ? ಪ್ರಾಡಕ್ಟ್ ನಿಮ್ಮದಲ್ಲದಿದ್ದರೆ ಸುಮ್ನೆ ಇರಿ, ಲಿಂಕನ್ನು ಸಂಬಂಧಪಟ್ಟವರಿಗೆ ಕಳಿಸಿ. ನಿಮ್ಮದೇ ಆದರೆ ಮೊದಲ ಸಾಲಿನಲ್ಲೇ ನೀವು ಯಾರು ಎಂದು ಹೇಳಿಬಿಡಿ. ಉತ್ತರ ಹೀಗಿರಬಹುದು:

"ನಾನು ಈ ತಂಡದಲ್ಲಿ ಕೆಲಸ ಮಾಡುತ್ತೇನೆ, ಇದು ನನ್ನ ಮಾತು, ಕಂಪನಿಯದಲ್ಲ. ನೀವು ತೋರಿಸಿದ ನಿಧಾನ ನಮ್ಮಲ್ಲೂ ಕಾಣುತ್ತಿದೆ. ಆದರೆ ಎರಡನೇ ಅಳತೆ ಹಳೆಯ ಆವೃತ್ತಿಯದ್ದು, ಹೊಸದರಲ್ಲಿ ಒಮ್ಮೆ ನೋಡುತ್ತೀರಾ? ಯಾವಾಗ ಸರಿಯಾಗುತ್ತದೆ ಎಂದು ಈಗ ಹೇಳಲಾರೆ."

ಇದರಲ್ಲಿ ಒಪ್ಪಿಗೆ ಇದೆ, ತಿದ್ದುಪಡಿ ಇದೆ, ಸುಳ್ಳು ಭರವಸೆ ಇಲ್ಲ. "ನೀವು ತಿಳಿದುಕೊಂಡಷ್ಟು ಸುಲಭವಲ್ಲ" ಎಂಬ ಮಾತೂ ಇಲ್ಲ. ಅದು ನಿಜವೇ ಆಗಿದ್ದರೂ ಬೇಡ. ಕಷ್ಟ ಏನು ಎಂದು ಬಿಡಿಸಿ ಹೇಳಬಹುದಾದರೆ ಹೇಳಿ. ಬಿಡಿಸಿ ಹೇಳದೆ ಬರೀ ಕಷ್ಟ ಎಂದರೆ ಓದುವವರಿಗೆ ಅದು "ನಿಮಗೆ ಅರ್ಥವಾಗಲ್ಲ ಬಿಡಿ" ಎಂದೇ ಕೇಳಿಸುತ್ತದೆ.

ಜನರನ್ನು ದಡ್ಡರೆಂದು ತಿಳಿದರೆ ಏನಾಗುತ್ತದೆ ಎನ್ನುವುದಕ್ಕೆ ಸೋನಿ ಬಿಎಂಜಿ ಇದೆ. ಅವರ ಮ್ಯೂಸಿಕ್ ಸಿಡಿಗಳು ಕಂಪ್ಯೂಟರಿನೊಳಗೆ ಕದ್ದುಮುಚ್ಚಿ ರೂಟ್‌ಕಿಟ್ (ಕಂಪ್ಯೂಟರಿನ ಆಳದಲ್ಲಿ ಅಡಗಿ ಕೂರುವ ಸಾಫ್ಟ್‌ವೇರ್) ಹಾಕುತ್ತವೆ ಎಂದು ವಿಂಡೋಸ್ ತಜ್ಞ ಮಾರ್ಕ್ ರುಸ್ಸಿನೋವಿಚ್ 2005ರ ಅಕ್ಟೋಬರ್ 31ರಂದು ಬ್ಲಾಗಿನಲ್ಲಿ ಹೆಜ್ಜೆಹೆಜ್ಜೆಯಾಗಿ ತೋರಿಸಿದರು. ಹೆಚ್ಚಿನವರಿಗೆ ರೂಟ್‌ಕಿಟ್ ಅಂದರೇನೆಂದೇ ಗೊತ್ತಿಲ್ಲ, ಮತ್ಯಾಕೆ ತಲೆ ಕೆಡಿಸಿಕೊಳ್ಳಬೇಕು ಎನ್ನುವ ಧಾಟಿಯಲ್ಲಿ ಕಂಪನಿಯ ಅಧಿಕಾರಿ ರೇಡಿಯೋದಲ್ಲಿ ಮಾತಾಡಿದರು. ನವೆಂಬರಿನಲ್ಲೇ ಸಿಡಿಗಳನ್ನು ಅಂಗಡಿಗಳಿಂದ ವಾಪಸ್ ಪಡೆಯಬೇಕಾಯಿತು.

ಒಳಗಿನವರಿಗೆ ಮಾತ್ರ ಎಂದು ಬರೆಯುವುದನ್ನೂ ಹೊರಗಿನವರು ಓದಬಹುದು ಎಂದುಕೊಂಡೇ ಬರೆಯಿರಿ. ಗೂಗಲ್ ಎಂಜಿನಿಯರ್ ಸ್ಟೀವ್ ಯೆಗ್ಗಿ 2011ರಲ್ಲಿ ತಮ್ಮ ಕಂಪನಿಯನ್ನೇ ಟೀಕಿಸಿ ಸಹೋದ್ಯೋಗಿಗಳಿಗೆಂದು ಬರೆದ ಉದ್ದದ ಪೋಸ್ಟ್, ಸೆಟ್ಟಿಂಗ್ ತಪ್ಪಿ ಇಡೀ ಜಗತ್ತಿಗೆ ಕಾಣಿಸಿತು. ಅವರು ತೆಗೆದರೂ ಅಷ್ಟರಲ್ಲಿ ಪ್ರತಿಗಳು ಎಲ್ಲೆಡೆ ಹರಡಿದ್ದವು. ಅವರ ಕೆಲಸ ಉಳಿಯಿತು. ಎಲ್ಲರದೂ ಉಳಿಯುವುದಿಲ್ಲ.

ಹೆಜ್ಜೆ 6: ಬಿಸಿ ಏರಿದ ಮೇಲೆ

ಎರಡು ಸುತ್ತು ಸಾಕು. ನೀವು ಹೇಳಿದಿರಿ, ಅವರು ಹೇಳಿದರು, ನೀವು ತಿದ್ದಿದಿರಿ, ಅವರು ತಿದ್ದಿದರು. ಮೂರನೇ ಸುತ್ತಿನಲ್ಲಿ ಹೊಸ ಅಳತೆ, ಹೊಸ ಮಾಹಿತಿ ಇಲ್ಲದಿದ್ದರೆ ಎದ್ದುಬಿಡಿ. "ನನ್ನ ಮಾತು ಇಷ್ಟೇ, ಹೊಸದೇನಾದರೂ ಬಂದರೆ ನೋಡೋಣ" ಎಂದು ಬರೆದು ನೋಟಿಫಿಕೇಷನ್ ಆಫ್ ಮಾಡಿ. ಕೊನೆಯ ಮಾತು ಅವರದೇ ಆಗಲಿ, ಏನಾಯಿತೀಗ?

ಸಿಟ್ಟಿನಲ್ಲಿ ಕೊಯ್ದ ಮೂಗು ಆಮೇಲೆ ಬರುವುದಿಲ್ಲ ಎನ್ನುತ್ತಾರೆ. ಬರೆದದ್ದು ತಪ್ಪು ಎನಿಸಿದರೆ ಸದ್ದಿಲ್ಲದೆ ಅಳಿಸಬೇಡಿ. ಯಾರೋ ಸ್ಕ್ರೀನ್‌ಶಾಟ್ ತೆಗೆದಿರುತ್ತಾರೆ, ವೆಬ್ ಪುಟಗಳ ಹಳೆಯ ಪ್ರತಿ ಉಳಿಸಿಡುವ ವೇಬ್ಯಾಕ್ ಮಷಿನ್‌ನಲ್ಲೂ ಪ್ರತಿ ಇರಬಹುದು. ತಪ್ಪು ಸಾಲಿಗೆ ಅಡ್ಡಗೆರೆ ಎಳೆದು, ಪಕ್ಕದಲ್ಲೇ ದಿನಾಂಕ ಹಾಕಿ ತಿದ್ದಿ. ಎದುರಿನವರ ಪೋಸ್ಟಿನ ಪ್ರತಿಯನ್ನೂ ಉತ್ತರಿಸುವ ಮುಂಚೆ ಉಳಿಸಿಕೊಳ್ಳಿ. ಅವರು ಬದಲಿಸಿದರೆ ನಿಮ್ಮ ಉತ್ತರ ತಲೆಬುಡ ಇಲ್ಲದಂತೆ ಕಾಣುತ್ತದೆ.

ನೌಕರರು ಖಾಸಗಿಯಾಗಿ ಮೆಸೇಜ್ ಮಾಡಿ "ನಿಮ್ಮ ಮಾತು ನಿಜ, ಆದರೆ ನಾನು ಹೇಳಿದ್ದು ಎನ್ನಬೇಡಿ" ಎಂದರೆ ಅದನ್ನು ಹಾಕಬೇಡಿ. ವಾದ ಗೆಲ್ಲಲು ಅದಕ್ಕಿಂತ ಸುಲಭದ ದಾರಿ ಇಲ್ಲ, ಅದಕ್ಕೇ ಹೇಳುತ್ತಿದ್ದೇನೆ. ನೌಕರರಿಗೂ ಒಂದು ಮಾತು: ಹೆಸರು ಹಾಕಬೇಡಿ ಎನ್ನುವ ಕರಾರನ್ನು ವಿಷಯ ಹೇಳುವ ಮೊದಲು ಮಾಡಿಕೊಳ್ಳಿ. ಹೇಳಿಯಾದ ಮೇಲೆ ಕೇಳಿದರೆ ಒಪ್ಪುವುದು ಬಿಡುವುದು ಎದುರಿನವರಿಗೆ ಬಿಟ್ಟದ್ದು.

ಹೆಜ್ಜೆ 7: ಕಂಪನಿ ತನ್ನ ಬಲ ತೋರಿಸಿದರೆ

ಮೆತ್ತನೆಯ ಬಲ ಎಂದರೆ ರಿವ್ಯೂಗೆ ಕೊಡುವ ಸ್ಯಾಂಪಲ್ ನಿಲ್ಲಿಸುವುದು. 2020ರ ಡಿಸೆಂಬರಿನಲ್ಲಿ ಎನ್‌ವಿಡಿಯಾ, ಹಾರ್ಡ್‌ವೇರ್ ಅನ್‌ಬಾಕ್ಸ್ಡ್ ಎಂಬ ಯೂಟ್ಯೂಬ್ ಚಾನೆಲ್‌ಗೆ ಇನ್ನು ಗ್ರಾಫಿಕ್ಸ್ ಕಾರ್ಡ್ ಕಳಿಸುವುದಿಲ್ಲ ಎಂದು ಇಮೇಲ್ ಬರೆಯಿತು. ರೇ ಟ್ರೇಸಿಂಗ್‌ಗೆ (ಗೇಮ್‌ನಲ್ಲಿ ಬೆಳಕನ್ನು ನೈಜವಾಗಿ ತೋರಿಸುವ ತಂತ್ರ) ಅವರು ಕೊಡಬೇಕಾದಷ್ಟು ಮಹತ್ವ ಕೊಡುತ್ತಿಲ್ಲ ಎನ್ನುವುದು ಕಾರಣ. ಚಾನೆಲ್‌ನವರು ವಿಷಯ ಹೊರಗೆ ಹೇಳಿದರು, ಬೇರೆ ರಿವ್ಯೂ ಮಾಡುವವರೂ ದನಿ ಸೇರಿಸಿದರು, ಕೆಲವೇ ದಿನಗಳಲ್ಲಿ ಕಂಪನಿ ಹಿಂದೆ ಸರಿಯಿತು. ಇಲ್ಲಿ ಬಹಿರಂಗ ಮಾಡುವುದೇ ಸರಿ. ಇಮೇಲ್ ಕಂಪನಿಯ ನಿರ್ಧಾರ, ಒಬ್ಬರ ಖಾಸಗಿ ಮಾತಲ್ಲ.

ವಕೀಲರ ನೋಟಿಸ್ ಬಂದರೆ ಆಟ ಬದಲಾಯಿತು ಎಂದುಕೊಳ್ಳಿ. ನೀವೇ ಉತ್ತರ ಬರೆಯಬೇಡಿ, ಅದರ ಬಗ್ಗೆ ಜೋಕ್ ಹಾಕಬೇಡಿ, ಯಾವ ಫೈಲನ್ನೂ ಅಳಿಸಬೇಡಿ, ವಕೀಲರನ್ನು ನೋಡಿ. "ಹೆದರಿಸಿದರೆ ಇನ್ನೂ ವೈರಲ್ ಆಗುತ್ತೆ" ಎಂಬ ಧೈರ್ಯ ಹಲವರಿಗಿದೆ. ಅಮೆರಿಕದ ಗಾಯಕಿ ಬಾರ್ಬ್ರಾ ಸ್ಟ್ರೈಸಾಂಡ್ 2003ರಲ್ಲಿ ತಮ್ಮ ಮನೆಯ ಫೋಟೊವನ್ನು ಒಂದು ವೆಬ್‌ಸೈಟಿನಿಂದ ತೆಗೆದುಹಾಕಿಸಲು ಕೇಸ್ ಹಾಕಿದ್ದು ಅದಕ್ಕೆ ಆಧಾರ. ಕೇಸಿಗೆ ಮುಂಚೆ ಅದನ್ನು ಡೌನ್‌ಲೋಡ್ ಮಾಡಿದ್ದು 6 ಸಲ, ಆಮೇಲೆ ಒಂದೇ ತಿಂಗಳಲ್ಲಿ ಆ ಸೈಟಿಗೆ 4,20,000 ಭೇಟಿ. ಕಥೆ ನಿಜ. ಆದರೆ ನೋಟಿಸಿಗೆ ಹೆದರಿ ಪೋಸ್ಟ್ ತೆಗೆದು ಸುಮ್ಮನಾದವರ ಕಥೆ ನಮ್ಮ ಕಿವಿಗೆ ಬೀಳುವುದೇ ಇಲ್ಲ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಬೆದರಿಕೆ ಮನೆ ಬಾಗಿಲಿಗೆ ಬಂದರೆ ಅದು ಜಗಳವಲ್ಲ, ಅಪರಾಧ. 2019ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಆನ್‌ಲೈನ್ ವ್ಯಾಪಾರದ ಬಗ್ಗೆ ನ್ಯೂಸ್‌ಲೆಟರ್ ನಡೆಸುತ್ತಿದ್ದ ದಂಪತಿಯ ಮನೆಗೆ ಜೀವಂತ ಜೇಡ, ಜಿರಲೆ, ಶವಸಂಸ್ಕಾರದ ಹೂಮಾಲೆ ಪಾರ್ಸೆಲ್ ಬರತೊಡಗಿದವು. ಅವರ ಬರಹಗಳಿಂದ ಸಿಟ್ಟಾಗಿದ್ದ ಇಬೇ ಕಂಪನಿಯ ಭದ್ರತಾ ವಿಭಾಗದವರೇ ಕಳಿಸಿದ್ದರು. ಮನೆಯ ಹತ್ತಿರ ಬಂದು ಹೊಂಚೂ ಹಾಕಿದ್ದರು. ದಂಪತಿ ಪೊಲೀಸರ ಹತ್ತಿರ ಹೋದರು. ಕೊನೆಗೆ ಏಳು ಮಂದಿ ತಪ್ಪೊಪ್ಪಿಕೊಂಡರು, 2024ರಲ್ಲಿ ಕಂಪನಿ 30 ಲಕ್ಷ ಡಾಲರ್ ದಂಡ ಕಟ್ಟಲು ಒಪ್ಪಿತು. ಇಂಥದ್ದು ಶುರುವಾದರೆ ಪೋಸ್ಟ್ ಹಾಕುವ ಮೊದಲು ದೂರು ಕೊಡಿ. ಪಾರ್ಸೆಲ್ ಕವರ್, ಮೆಸೇಜ್, ಗಾಡಿ ನಂಬರ್ ಎಲ್ಲ ಜೋಪಾನ ಮಾಡಿ.

ಹೆಜ್ಜೆ 8: ಸರಿಯಾದ ಮೇಲೆ

ದೋಷ ಸರಿಯಾದರೆ ಅದನ್ನು ಹೊಸ ಪೋಸ್ಟಿನ ಮೂಲೆಯಲ್ಲಿ ಹೇಳಬೇಡಿ, ಹಳೆಯ ಪೋಸ್ಟಿನ ನೆತ್ತಿಯ ಮೇಲೆ ಹಾಕಿ: ಯಾವ ದಿನ, ಯಾವ ಆವೃತ್ತಿಯಲ್ಲಿ, ನೀವು ಮತ್ತೆ ಅಳೆದಾಗ ಏನು ಬಂತು. ಹುಡುಕಿಕೊಂಡು ಬರುವವರು ಓದುವುದು ಹಳೆಯದನ್ನೇ.

ಕೊನೆಯದಾಗಿ, ಜಗಳ ಮುಗಿದ ಮೇಲೆ ಕಂಪನಿಯಿಂದಲೇ ಕೆಲಸದ ಅಥವಾ ಕನ್ಸಲ್ಟಿಂಗ್ ಆಹ್ವಾನ ಬರುವುದುಂಟು. ಒಪ್ಪಿಕೊಳ್ಳುವುದರಲ್ಲಿ ತಪ್ಪೇನಿಲ್ಲ. ಆದರೆ ಆ ದಿನದಿಂದ ನೀವೂ ನೌಕರರೇ, ಆ ಕಂಪನಿಯ ಬಗ್ಗೆ ಬರೆಯುವ ಪ್ರತಿ ಪೋಸ್ಟಿನಲ್ಲೂ ಅದನ್ನು ಹೇಳಿ. ಸಹಿ ಹಾಕುವ ಮುಂಚೆ ಒಪ್ಪಂದವನ್ನು ಪೂರ್ತಿ ಓದಿ. ಹಳೆಯ ಪೋಸ್ಟುಗಳನ್ನು ತೆಗೆಯಬೇಕು, ಕಂಪನಿಯ ಬಗ್ಗೆ ಕೆಟ್ಟದ್ದು ಬರೆಯಬಾರದು ಎಂಬ ಷರತ್ತು ಅದರಲ್ಲಿ ಇದೆಯೇ, ಕೆಲಸ ಬಿಟ್ಟ ಮೇಲೂ ಅದು ಎಷ್ಟು ವರ್ಷ ನಡೆಯುತ್ತದೆ ಎಂದು ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ.